ಓದುಗರ ಪ್ರಶ್ನೆ, ನಮ್ಮ ಉತ್ತರ: ತಂತಿಬೇಲಿಯೊಳಗಿನ ವರೋಶ

ಸೈಪ್ರಸ್ ದ್ವೀಪದ ಪೂರ್ವ ಕರಾವಳಿಯಲ್ಲಿರುವ ವರೋಶ 1974ರ ಆಗಸ್ಟ್‌ನಲ್ಲಿ ತುರ್ಕಿ ಸೇನೆ ದಾಳಿ ಮಾಡಿದ ಯುದ್ಧದಿಂದ ಬರಿದಾದ ಊರು. ಅದರ ಚರಿತ್ರೆಯ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ವಾಟ್ಸಾಪ್‌ನಲ್ಲಿ ಆಗಾಗ ಒಂದು ವಿಡಿಯೊ ಬರುತ್ತದೆ. ಕಡಲ ದಂಡೆಗೆ ಹತ್ತು ಹನ್ನೆರಡು ಅಂತಸ್ತಿನ ಹೋಟೆಲುಗಳು ಸಾಲಾಗಿ ನಿಂತಿವೆ, ಒಂದು ನರಪಿಳ್ಳೆಯೂ ಇಲ್ಲ. "ಊಟದ ತಟ್ಟೆ ಮೇಜಿನ ಮೇಲೆ ಇಟ್ಟಲ್ಲೇ ಇದೆ, ಹಗ್ಗದ ಮೇಲೆ ಬಟ್ಟೆ ಇನ್ನೂ ನೇತಾಡುತ್ತಿದೆ" ಎನ್ನುತ್ತಾರೆ. ನಿಜವೇ? (ಹಾಸನದ ಓದುಗರು)

ಊರು ನಿಜ. ತಟ್ಟೆ, ಬಟ್ಟೆಯ ಮಾತು ಒಂದು ಕಾಲಕ್ಕೆ ನಿಜವಾಗಿತ್ತು, ಈಗಲ್ಲ. 1977ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಸ್ವೀಡನ್ ತುಕಡಿಯ ಬಳಿಗೆ ಹೋಗಿದ್ದ ಆ ದೇಶದ ಪತ್ರಕರ್ತರೊಬ್ಬರು ಬರೆದ ವರದಿಯಿಂದ ಆ ಚಿತ್ರ ಜಗತ್ತಿಗೆ ಹಬ್ಬಿತು. ಆಗ ರಸ್ತೆಯ ಡಾಂಬರು ಬಿರುಕು ಬಿಟ್ಟಿತ್ತು, ಕಾಲುದಾರಿಯಲ್ಲಿ ಪೊದೆ ಎದ್ದಿತ್ತು. ಉಪಾಹಾರಕ್ಕೆಂದು ಜೋಡಿಸಿದ್ದ ಮೇಜು ಹಾಗೇ ಇತ್ತು. ಆದರೆ ತುರ್ಕಿ ಸೇನೆಯ ಕಾವಲಿದ್ದೂ ಊರು ಲೂಟಿಯಾಯಿತು. ಪೀಠೋಪಕರಣ, ಫ್ರಿಜ್ಜು, ಅಡುಗೆಮನೆಯ ಸಾಮಾನು, ಕೊನೆಗೆ ಬಾಗಿಲು ಕಿಟಕಿಯ ಚೌಕಟ್ಟು, ತಾಮ್ರದ ತಂತಿ, ನಲ್ಲಿ, ಎಲ್ಲವೂ ಹೋದವು. ಇವತ್ತು ಒಳಗೆ ಹೋದವರಿಗೆ ಕಾಣುವುದು ಬರೀ ಗೋಡೆ, ಕಂಬ, ತುಕ್ಕು ಹಿಡಿದ ಸರಳು, ಕೆಲವು ಅಂಗಡಿಗಳ ಮೇಲೆ ಗ್ರೀಕ್ ಮತ್ತು ಇಂಗ್ಲಿಷ್ ಅಕ್ಷರಗಳ ಹಲಗೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ವರೋಶ ಪ್ರತ್ಯೇಕ ನಗರವಲ್ಲ, ಫಾಮಗುಸ್ತ ನಗರದ ಹೊಸ ಭಾಗ. ಕೋಟೆಯೊಳಗಿನ ಹಳೆಯ ಫಾಮಗುಸ್ತದಲ್ಲಿ ಜನ ಇಂದಿಗೂ ಬಾಳುತ್ತಿದ್ದಾರೆ, ಹತ್ತಿರದಲ್ಲೇ ದೊಡ್ಡ ವಿಶ್ವವಿದ್ಯಾಲಯವೂ ಇದೆ. ವರೋಶವೆಲ್ಲವೂ ಬೇಲಿಯೊಳಗಿಲ್ಲ. ಕೆಲವು ಬಡಾವಣೆಗಳಲ್ಲಿ 1974ರ ನಂತರ ತುರ್ಕಿ ಸೈಪ್ರಿಯಟ್ಟರು (ದ್ವೀಪದ ತುರ್ಕಿ ಭಾಷೆಯ ಮುಸ್ಲಿಂ ಸಮುದಾಯ) ಮತ್ತು ತುರ್ಕಿಯಿಂದ ಬಂದವರು ನೆಲೆಸಿದರು. ತಂತಿಬೇಲಿ ಬಿದ್ದದ್ದು ಸಮುದ್ರಕ್ಕೆ ತಾಗಿದ ಆರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಪ್ರದೇಶಕ್ಕೆ.

ಯುದ್ಧಕ್ಕೆ ಮೊದಲು ಊರು ಹೇಗಿತ್ತು? ಬರೀ ಪ್ರವಾಸಿಗರ ಜಾಗವೋ, ಸ್ಥಳೀಯರೂ ಇದ್ದರೋ? (ಸಾಗರದ ಓದುಗರು)

ಹೋಟೆಲುಗಳು ಬಂದದ್ದು ಕೊನೆಯ ಹದಿನೈದು ವರ್ಷಗಳಲ್ಲಿ. ಊರಿನ ಬೇರು ಅದಕ್ಕಿಂತ ಬಹಳ ಹಳೆಯದು. ವೆನಿಸ್‌ನವರ ಕೈಯಲ್ಲಿದ್ದ ಫಾಮಗುಸ್ತ ಕೋಟೆಯನ್ನು ಒಟ್ಟೊಮನ್ ಸೇನೆ ಸುಮಾರು ಹನ್ನೊಂದು ತಿಂಗಳು ಮುತ್ತಿಗೆ ಹಾಕಿ 1571ರ ಆಗಸ್ಟ್‌ನಲ್ಲಿ ಗೆದ್ದಿತು. ಆಮೇಲೆ ಕ್ರೈಸ್ತರಿಗೆ ಕೋಟೆಯೊಳಗೆ ವಾಸಕ್ಕೆ ಅವಕಾಶವಿರಲಿಲ್ಲ. ಅವರು ದಕ್ಷಿಣದ ತೋಟಗಳ ಕಡೆ ಸರಿದು ಮನೆ ಕಟ್ಟಿಕೊಂಡರು. ಅದೇ ವರೋಶ. ಹಾಗಾಗಿ ಈ ಊರು ಹುಟ್ಟಿದ್ದೂ ಒಂದು ಯುದ್ಧದ ನಂತರದ ಸ್ಥಳಾಂತರದಿಂದಲೇ.

ಮಣ್ಣು ಮರಳು ಬೆರೆತದ್ದು, ಅಂತರ್ಜಲ ಮೇಲೇ ಸಿಗುತ್ತಿತ್ತು. ಗಾಳಿಯಂತ್ರದಿಂದ ಬಾವಿಯ ನೀರೆತ್ತಿ ಕಿತ್ತಳೆ, ನಿಂಬೆ ಬೆಳೆದರು. ಬ್ರಿಟಿಷರ ಕಾಲದಲ್ಲಿ ಬಂದರು ಆಳವಾಯಿತು, 1905ರಲ್ಲಿ ರಾಜಧಾನಿ ನಿಕೋಸಿಯಾಕ್ಕೆ ರೈಲು ಬಂತು (1951ರ ಕೊನೆಗೆ ನಿಂತಿತು). 1960ರಲ್ಲಿ ದ್ವೀಪ ಸ್ವತಂತ್ರವಾಗುವ ಹೊತ್ತಿಗೆ ಫಾಮಗುಸ್ತ ಸೈಪ್ರಸ್ಸಿನ ಮುಖ್ಯ ಬಂದರು, ಸರಕಿನ ಬಹುಪಾಲು ಇಲ್ಲಿಂದಲೇ ಹೋಗುತ್ತಿತ್ತು. ಉತ್ತರ ಯೂರೋಪಿನ ಪ್ರವಾಸಿಗರು ವಿಮಾನದಲ್ಲಿ ಬರಲಾರಂಭಿಸಿದ ಮೇಲೆ ಕಡಲ ದಂಡೆಯ ಕೆನಡಿ ಅವೆನ್ಯೂ ಉದ್ದಕ್ಕೂ ಹೋಟೆಲುಗಳೆದ್ದವು. ಆರ್ಗೊ ಹೋಟೆಲಿನಲ್ಲಿ ಹಾಲಿವುಡ್ ತಾರೆಯರು ಇಳಿಯುತ್ತಿದ್ದ ಮಾತನ್ನು ಎಲ್ಲರೂ ಎತ್ತುತ್ತಾರೆ. ನಮ್ಮ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ಹೋಟೆಲಿನ ಹಿಂದಿನ ಬೀದಿಗಳಲ್ಲಿ ಶಾಲೆ, ಗ್ರಂಥಾಲಯ, ದರ್ಜಿಯ ಅಂಗಡಿ, ಬೇಕರಿ, ಇಗರ್ಜಿಗಳ ಸುತ್ತ ಬದುಕು ಕಟ್ಟಿಕೊಂಡಿದ್ದ ಜನ. 1974ರಲ್ಲಿ ಸುಮಾರು 39,000 ಮಂದಿ ಇದ್ದರು.

ಕೋಟೆಯೊಳಗೆ ತುರ್ಕಿ ಸೈಪ್ರಿಯಟ್ಟರು, ಹೊರಗೆ ಗ್ರೀಕ್ ಸೈಪ್ರಿಯಟ್ಟರು (ಗ್ರೀಕ್ ಭಾಷೆಯ ಕ್ರೈಸ್ತ ಸಮುದಾಯ) ಎಂಬ ವಿಂಗಡಣೆ 1963ರ ಡಿಸೆಂಬರ್‌ನ ಕೋಮು ಹಿಂಸೆಯ ನಂತರ ಗಟ್ಟಿಯಾಯಿತು. ಆ ಹತ್ತು ವರ್ಷ ತುರ್ಕಿ ಸೈಪ್ರಿಯಟ್ಟರಲ್ಲಿ ಬಹಳ ಮಂದಿ ದ್ವೀಪದ ಉದ್ದಗಲಕ್ಕೂ ಸಣ್ಣ ಸಣ್ಣ ಗುಂಪುಗಳಾಗಿ, ತಮ್ಮ ಹಳ್ಳಿ ಬಿಟ್ಟು, ಕಾವಲಿನೊಳಗೆ ಬದುಕಿದರು. ವರೋಶದ ಸಂಪತ್ತಿನ ಬಗ್ಗೆ ಓದುವಾಗ ಪಕ್ಕದ ಕೋಟೆಯ ಬಡತನವನ್ನೂ ನೆನಪಿಟ್ಟುಕೊಳ್ಳಬೇಕು.

39,000 ಜನ ಎರಡು ದಿನದಲ್ಲಿ ಊರು ಬಿಟ್ಟರು ಎಂದರೆ ನಂಬುವುದು ಕಷ್ಟ. ಆ ದಿನಗಳಲ್ಲಿ ಏನಾಯಿತು ಎಂದು ಕ್ರಮವಾಗಿ ತಿಳಿಸುವಿರಾ? (ಗದಗ, ಬೆಳಗಾವಿ ಮತ್ತು ಮೈಸೂರಿನ ಓದುಗರು)

1974ರ ಜುಲೈ 15, ಸೋಮವಾರ. ಗ್ರೀಸಿನ ಸೇನಾ ಸರ್ಕಾರದ ಕುಮ್ಮಕ್ಕಿನಿಂದ ಸೈಪ್ರಸ್ಸಿನ ಸೇನೆಯಾದ ನ್ಯಾಷನಲ್ ಗಾರ್ಡ್, ದೇಶದ ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್ ವಿರುದ್ಧ ದಂಗೆಯೆದ್ದಿತು. ಅವರು ಪಾಫೋಸ್ ಮೂಲಕ ತಪ್ಪಿಸಿಕೊಂಡರು. ಅವರ ಜಾಗಕ್ಕೆ ನಿಕೋಸ್ ಸ್ಯಾಂಪ್ಸನ್ ಬಂದ. ತುರ್ಕಿ ಸೈಪ್ರಿಯಟ್ಟರ ಮೇಲಿನ ಹಿಂಸೆಗೆ ಹೆಸರಾಗಿದ್ದ ಆತ ಅಧ್ಯಕ್ಷನಾದದ್ದೇ ತುರ್ಕಿಗೆ ದೊಡ್ಡ ನೆಪವಾಯಿತು. ಸ್ವಾತಂತ್ರ್ಯದ ಸಮಯದಲ್ಲಿ ಬ್ರಿಟನ್, ಗ್ರೀಸ್, ತುರ್ಕಿ ಮೂರೂ ದೇಶಗಳು ಹೊಸ ರಾಷ್ಟ್ರದ ಸಂವಿಧಾನಕ್ಕೆ ಜಾಮೀನು ನಿಂತಿದ್ದವು. ಆ ಒಪ್ಪಂದದ ನಾಲ್ಕನೆಯ ವಿಧಿಯನ್ನು ಹಿಡಿದು ತುರ್ಕಿ ಜುಲೈ 20ರ ಬೆಳಿಗ್ಗೆ ಉತ್ತರ ತೀರದ ಕಿರೀನಿಯಾ ಬಳಿ ಸೇನೆ ಇಳಿಸಿತು.

ಅದೇ ದಿನ ಫಾಮಗುಸ್ತದಲ್ಲಿಯೂ ಗುಂಡಿನ ಕಾಳಗ ಶುರುವಾಯಿತು. ಸುತ್ತಲ ತುರ್ಕಿ ಸೈಪ್ರಿಯಟ್ಟರು ಕೋಟೆಯೊಳಗೆ ಸೇರಿಕೊಂಡರು, ನ್ಯಾಷನಲ್ ಗಾರ್ಡ್ ಹೊರಗಿನಿಂದ ಸುತ್ತುವರಿಯಿತು. ತುರ್ಕಿಯ ವಿಮಾನಗಳು ವರೋಶದ ಮೇಲೆ ಬಾಂಬು ಹಾಕಿದವು, ಹೋಟೆಲುಗಳಿಗೂ ಪೆಟ್ಟು ಬಿತ್ತು. ಜುಲೈ 22ಕ್ಕೆ ಕದನವಿರಾಮ. ಮರುದಿನವೇ ಸ್ಯಾಂಪ್ಸನ್ ಇಳಿದ, ಅಥೆನ್ಸಿನ ಸೇನಾ ಸರ್ಕಾರವೂ ಕುಸಿಯಿತು. ವರೋಶದ ಜನ ಉಸಿರುಬಿಟ್ಟರು. ಬಹುಪಾಲು ಮಂದಿ ಊರಲ್ಲೇ ಇದ್ದರು, ಏಕೆಂದರೆ ತುರ್ಕಿಯ ಪಡೆ ಇದ್ದದ್ದು ಬೆಟ್ಟಸಾಲಿನ ಆಚೆ, ನಿಕೋಸಿಯಾ ಕಡೆಗೆ. ನಿಕೋಸಿಯಾ ಇಲ್ಲಿಂದ ಸುಮಾರು 60 ಕಿಲೋಮೀಟರ್ ದೂರ.

ಜಿನೀವಾದಲ್ಲಿ ಮಾತುಕತೆ ನಡೆಯಿತು. ದ್ವೀಪದ ಸುಮಾರು ಮೂರನೇ ಒಂದು ಭಾಗ ತುರ್ಕಿ ಸೈಪ್ರಿಯಟ್ಟರ ಆಡಳಿತಕ್ಕೆ ಬೇಕು ಎಂದು ತುರ್ಕಿ ಕೇಳಿತು. ಹಂಗಾಮಿ ಅಧ್ಯಕ್ಷ ಗ್ಲಾಫ್ಕೋಸ್ ಕ್ಲೆರಿಡಿಸ್ ತಮ್ಮವರೊಡನೆ ಮಾತನಾಡಿ ಬರಲು ಒಂದೆರಡು ದಿನದ ಕಾಲಾವಕಾಶ ಕೇಳಿದರು. ಸಿಗಲಿಲ್ಲ. ಆಗಸ್ಟ್ 14ರ ನಸುಕಿನಲ್ಲಿ ಎರಡನೆಯ ದಾಳಿ ಆರಂಭವಾಯಿತು.

ನಿಕೋಸಿಯಾದಿಂದ ಫಾಮಗುಸ್ತದವರೆಗಿನ ಮೆಸಾವೋರಿಯಾ ಬಯಲು ಚಪ್ಪಟೆ ನೆಲ. ಆಗಸ್ಟ್‌ನಲ್ಲಿ ಗೋಧಿ ಕೊಯ್ಲು ಮುಗಿದು ಬರಿ ಕೂಳೆ ನಿಂತಿರುತ್ತದೆ. ಟ್ಯಾಂಕು ತಡೆಯಲು ಹೊಳೆಯಿಲ್ಲ, ಗುಡ್ಡವಿಲ್ಲ. ನ್ಯಾಷನಲ್ ಗಾರ್ಡ್ ಬಳಿ ಯುದ್ಧವಿಮಾನಗಳಿರಲಿಲ್ಲ. 14ರಂದು ವರೋಶದ ಮೇಲೆ ಮತ್ತೆ ವಿಮಾನದಾಳಿ ನಡೆದಾಗ ಊರನ್ನು ಉಳಿಸಿಕೊಳ್ಳುವ ಪಡೆ ಅಲ್ಲಿ ಇಲ್ಲವೆಂಬುದು ಜನರಿಗೆ ಗೊತ್ತಾಯಿತು. ಜುಲೈನಲ್ಲಿ ಕಿರೀನಿಯಾ ಕಡೆಯಿಂದ ಓಡಿಬಂದವರು ಹೇಳಿದ ಕೊಲೆ, ಅತ್ಯಾಚಾರದ ಸುದ್ದಿಗಳು ಆಗಲೇ ಊರೆಲ್ಲ ಹರಡಿದ್ದವು. ಊರು ಬಿಡಿಸಿದ್ದು ಬಾಂಬಿನಷ್ಟೇ ಆ ಭಯ.

ಎಲ್ಲಿಗೆ ಹೋದರು ಎಂಬುದರಲ್ಲೇ ಎಷ್ಟು ಬೇಗ ಹೋದರು ಎಂಬುದಕ್ಕೂ ಉತ್ತರವಿದೆ. ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಡೆರಿನಿಯಾ, ಅದರಾಚೆ ಪರಲಿಮ್ನಿ. ನೈಋತ್ಯಕ್ಕೆ ಬ್ರಿಟಿಷರ ಡೆಕೆಲಿಯಾ ಸೇನಾ ನೆಲೆ, ಅದು ಬ್ರಿಟನ್ನಿನ ಸ್ವಂತ ನೆಲವಾದ್ದರಿಂದ ತುರ್ಕಿ ಸೇನೆ ಒಳಗೆ ಬರುವಂತಿರಲಿಲ್ಲ. ಕಾರು, ಟ್ರ್ಯಾಕ್ಟರ್, ಲಾರಿ, ನಡಿಗೆ, ಹೇಗೆ ಸಾಧ್ಯವೋ ಹಾಗೆ ಹೊರಟರು. ಎರಡು ಮೂರು ದಿನದಲ್ಲಿ ವಾಪಸಾಗುತ್ತೇವೆಂದು ನಂಬಿದ್ದರಿಂದ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ತೆಗೆದುಕೊಂಡು ಹೋದವರೇ ಹೆಚ್ಚು. ಫೋಟೊ, ಆಸ್ತಿಪತ್ರ, ಚಳಿಗಾಲದ ಬಟ್ಟೆ ಮನೆಯಲ್ಲೇ ಉಳಿದವು. ಮುಂದೆ ಹಕ್ಕು ಸಾಧಿಸುವಾಗ ಆ ಆಸ್ತಿಪತ್ರಗಳ ಕೊರತೆ ಬಹಳ ಕುಟುಂಬಗಳನ್ನು ಕಾಡಿತು. ಡೆಕೆಲಿಯಾ ನೆಲೆಯ ಅಖ್ನಾ ಕಾಡಿನಲ್ಲಿ ಮೊದಲು ಮರದ ಕೆಳಗೆ, ಆಮೇಲೆ ಡೇರೆಗಳಲ್ಲಿ ಸಾವಿರಾರು ಮಂದಿ ಮಳೆಗಾಲ ಕಳೆದರು. ಅಲ್ಲಿ ಮಳೆ ಬೀಳುವುದು ಚಳಿಯಲ್ಲಿ.

15ರ ಸಂಜೆ ತುರ್ಕಿಯ ಟ್ಯಾಂಕುಗಳು ಕೋಟೆಗೆ ತಲುಪಿದವು. ಒಳಗೆ ವಾರಗಟ್ಟಲೆ ಮುತ್ತಿಗೆಯಲ್ಲಿದ್ದ ತುರ್ಕಿ ಸೈಪ್ರಿಯಟ್ಟರಿಗೆ ಅದು ಬಿಡುಗಡೆ. ಪಕ್ಕದ ವರೋಶದಲ್ಲಿ ಎದುರು ನಿಲ್ಲುವವರೇ ಇರಲಿಲ್ಲ. 16ರ ಸಂಜೆ 6ಕ್ಕೆ ಕದನವಿರಾಮ ಬಂದಾಗ ದ್ವೀಪದ ಸುಮಾರು 36 ಪ್ರತಿಶತ ತುರ್ಕಿಯ ಕೈಯಲ್ಲಿತ್ತು.

ಒಂದೇ ಕಡೆಯವರ ನೋವು ಹೇಳುತ್ತಿದ್ದೀರಿ ಅನ್ನಿಸುತ್ತದೆ. ತುರ್ಕಿ ಸೈಪ್ರಿಯಟ್ಟರಿಗೆ ಏನೂ ಆಗಲಿಲ್ಲವೇ? (ಕಲಬುರಗಿಯ ಓದುಗರು)

ಆಯಿತು. ವರೋಶದ ಜನ ಓಡುತ್ತಿದ್ದ ಅದೇ ಆಗಸ್ಟ್ 14ರಂದು ಫಾಮಗುಸ್ತ ಜಿಲ್ಲೆಯ ಮರಥಾ, ಸಂಟಲಾರಿಸ್, ಅಲೋಡಾ ಎಂಬ ಮೂರು ಹಳ್ಳಿಗಳಲ್ಲಿ ಗ್ರೀಕ್ ಸೈಪ್ರಿಯಟ್ ಬಂದೂಕುಧಾರಿಗಳು 126 ತುರ್ಕಿ ಸೈಪ್ರಿಯಟ್ಟರನ್ನು ಕೊಂದು ಒಟ್ಟಾಗಿ ಹೂತರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ತೋಖ್ನಿ ಹಳ್ಳಿಯ ಗಂಡಸರನ್ನು ಬಸ್ಸಿನಲ್ಲಿ ಕರೆದೊಯ್ದು ಕೊಂದದ್ದೂ ಅದೇ ದಿನಗಳಲ್ಲಿ. ಲಿಮಸೋಲ್, ಪಾಫೋಸ್ ಕಡೆಯ ತುರ್ಕಿ ಸೈಪ್ರಿಯಟ್ಟರು ಮನೆ ಬಿಟ್ಟು ಉತ್ತರಕ್ಕೆ ಬಂದರು. ಉಳಿದವರಿಗೂ 1975ರ ಆಗಸ್ಟ್‌ನ ವಿಯೆನ್ನಾ ಒಪ್ಪಂದ ದಾರಿ ಮಾಡಿಕೊಟ್ಟಿತು. ಒಟ್ಟಾರೆ ಸುಮಾರು 45,000 ತುರ್ಕಿ ಸೈಪ್ರಿಯಟ್ಟರು ಉತ್ತರಕ್ಕೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟ್ಟರು ದಕ್ಷಿಣಕ್ಕೆ ಹೋದರು. ಈ ಚರಿತ್ರೆಯನ್ನು 1974ರಿಂದ ಶುರುಮಾಡಿದರೆ ಒಂದು ಕಡೆಯ ಕಥೆ, 1963ರಿಂದ ಶುರುಮಾಡಿದರೆ ಇನ್ನೊಂದು ಕಡೆಯ ಕಥೆ ಕಾಣುತ್ತದೆ. ಎರಡನ್ನೂ ಕೂಡಿಸಿ ಓದದೆ ವರೋಶ ಅರ್ಥವಾಗುವುದಿಲ್ಲ.

ನಮ್ಮ ಜನರಲ್ ತಿಮ್ಮಯ್ಯನವರು ಸೈಪ್ರಸ್ಸಿನಲ್ಲೇ ತೀರಿಕೊಂಡರು ಎಂದು ಕೇಳಿದ್ದೇವೆ. ಈ ಯುದ್ಧದಲ್ಲಿ ಅವರು ಇದ್ದರೇ? (ಮಡಿಕೇರಿಯ ಓದುಗರು)

ಈ ಯುದ್ಧದಲ್ಲಿ ಅಲ್ಲ, ಅದಕ್ಕೆ ಒಂಬತ್ತು ವರ್ಷ ಮೊದಲು. ಕೋಮು ಹಿಂಸೆ ತಡೆಯಲು ಭದ್ರತಾ ಮಂಡಳಿ 1964ರ ಮಾರ್ಚ್ 4ರಂದು 186ನೇ ನಿರ್ಣಯದ ಮೂಲಕ ಸೈಪ್ರಸ್ಸಿಗೆ ಶಾಂತಿಪಾಲನಾ ಪಡೆ ಕಳಿಸಿತು. ಅದರ ಮೊದಲ ದಂಡನಾಯಕ ಭಾರತದ ಜನರಲ್ ಗ್ಯಾನಿ, ಎರಡನೆಯವರು ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾಗಿದ್ದ ಅವರು 1964ರ ಜುಲೈನಲ್ಲಿ ಈ ಹೊಣೆ ಹೊತ್ತರು. ಮರುತಿಂಗಳೇ ವಾಯವ್ಯ ತೀರದ ಕೊಕ್ಕಿನಾದಲ್ಲಿ ಕಾಳಗವಾಗಿ ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಆಗ ಶಾಂತಿಪಡೆಯಲ್ಲಿ ಹಲವು ದೇಶಗಳ ಆರು ಸಾವಿರದಷ್ಟು ಸಿಪಾಯಿಗಳಿದ್ದರು. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿರುವುದು ನಿಮಗೆ ಗೊತ್ತೇ ಇದೆ.

1974ರಲ್ಲಿ ಶಾಂತಿಪಡೆಯ ನಾಯಕರಾಗಿದ್ದವರೂ ಭಾರತೀಯರೇ, ಮೇಜರ್ ಜನರಲ್ ದಿವಾನ್ ಪ್ರೇಮ್ ಚಂದ್. ನಿಕೋಸಿಯಾ ವಿಮಾನ ನಿಲ್ದಾಣಕ್ಕಾಗಿ ಎರಡೂ ಸೇನೆಗಳು ಕಾದಾಡುತ್ತಿದ್ದಾಗ ಅದನ್ನು ವಿಶ್ವಸಂಸ್ಥೆಯ ರಕ್ಷಿತ ಪ್ರದೇಶವೆಂದು ಘೋಷಿಸಿ ತಮ್ಮ ಪಡೆಯನ್ನು ನಡುವೆ ನಿಲ್ಲಿಸಿದರು. ಆ ನಿಲ್ದಾಣ ಇಂದಿಗೂ ಹಾಗೇ ಮುಚ್ಚಿದೆ. ಹಾಗಾದರೆ ವರೋಶವನ್ನೇಕೆ ಉಳಿಸಲಿಲ್ಲ ಎಂದು ಕೇಳಬಹುದು. ಈ ಪಡೆಯನ್ನು ಕಟ್ಟಿದ್ದು ಎರಡು ಸಮುದಾಯಗಳ ನಡುವಿನ ಘರ್ಷಣೆ ತಡೆಯಲು, ಹಗುರ ಆಯುಧಗಳೊಂದಿಗೆ. ಒಂದು ದೇಶದ ಟ್ಯಾಂಕು ವಿಮಾನಗಳಿಗೆ ಅಡ್ಡನಿಲ್ಲುವ ಅಧಿಕಾರವೂ ಬಲವೂ ಅದಕ್ಕಿರಲಿಲ್ಲ.

ಕಿರೀನಿಯಾ ಮೊದಲಾದ ಊರುಗಳಲ್ಲಿ ಹೊಸಬರನ್ನು ಕೂರಿಸಿದರಲ್ಲ. ಇದೊಂದಕ್ಕೇಕೆ ಬೇಲಿ? (ಧಾರವಾಡದ ಓದುಗರು)

ಚೌಕಾಸಿಗೆ. ಬಹುತೇಕ ಎಲ್ಲ ಬಗೆಯ ಇತಿಹಾಸಕಾರರೂ ಈ ಒಂದು ವಿಷಯದಲ್ಲಿ ಒಪ್ಪುತ್ತಾರೆ. ದ್ವೀಪದ ಅತಿ ಬೆಲೆಬಾಳುವ ನೆಲವನ್ನು ಖಾಲಿ ಇಟ್ಟುಕೊಂಡರೆ, ಅಂತಿಮ ಒಪ್ಪಂದದಲ್ಲಿ ಅದನ್ನು ಬಿಟ್ಟುಕೊಟ್ಟು ಬೇರೇನನ್ನಾದರೂ ಪಡೆಯಬಹುದೆಂಬ ಲೆಕ್ಕ. ಊರನ್ನು ಖಾಲಿ ಮಾಡಿಸಿದ್ದು ಯುದ್ಧದ ಎರಡು ದಿನ. ಖಾಲಿ ಉಳಿಸಿದ್ದು ಆಮೇಲಿನ ಅರ್ಧ ಶತಮಾನದ ನಿರ್ಧಾರಗಳು. ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇವೆ. "ಭೂತನಗರ" ಎಂಬ ಜನಪ್ರಿಯ ಹೆಸರು ಅದನ್ನೇ ಮರೆಸುತ್ತದೆ, ಊರು ತಾನಾಗಿ ಸತ್ತಿತೋ ಎಂಬಂತೆ.

ಬಿಡುಗಡೆಯ ಬಾಗಿಲು ಹಲವು ಸಲ ಅರ್ಧ ತೆರೆದದ್ದುಂಟು. 1979ರ ಮೇ 19ರಂದು ಗ್ರೀಕ್ ಸೈಪ್ರಿಯಟ್ ನಾಯಕ ಕಿಪ್ರಿಯಾನು ಮತ್ತು ತುರ್ಕಿ ಸೈಪ್ರಿಯಟ್ ನಾಯಕ ದೆಂಕ್ತಾಶ್ ಮಾಡಿಕೊಂಡ ಹತ್ತು ಅಂಶಗಳ ಒಪ್ಪಂದದಲ್ಲಿ ವರೋಶದ ಮರುವಸತಿಗೆ ಆದ್ಯತೆ ಎಂದಿತ್ತು. ಜಾರಿಯಾಗಲಿಲ್ಲ. ಉತ್ತರ ಭಾಗ 1983ರ ನವೆಂಬರ್‌ನಲ್ಲಿ ತನ್ನನ್ನು ಪ್ರತ್ಯೇಕ ರಾಷ್ಟ್ರವೆಂದು ಘೋಷಿಸಿಕೊಂಡಿತು. ತುರ್ಕಿಯೊಂದೇ ಅದನ್ನು ಮಾನ್ಯ ಮಾಡಿದೆ. 1984ರ ಮೇ 11ರ ಭದ್ರತಾ ಮಂಡಳಿಯ 550ನೇ ನಿರ್ಣಯ, ವರೋಶದ ಯಾವುದೇ ಭಾಗದಲ್ಲಿ ಮೂಲನಿವಾಸಿಗಳಲ್ಲದವರನ್ನು ನೆಲೆಸಿಸುವುದು ಒಪ್ಪತಕ್ಕದ್ದಲ್ಲ, ಊರನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ಕೊಡಬೇಕು ಎಂದಿತು. 1993ರ ಸುಮಾರಿಗೆ ನಿಕೋಸಿಯಾ ವಿಮಾನ ನಿಲ್ದಾಣ ಮತ್ತು ವರೋಶ ಎರಡನ್ನೂ ಒಟ್ಟಿಗೆ ತೆರೆಯುವ ಯೋಜನೆ ಬಂತು, ಬಿತ್ತು.

ಹತ್ತಿರ ಬಂದದ್ದೆಂದರೆ 2004. ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಹೆಸರಿನ ಯೋಜನೆಯಲ್ಲಿ ವರೋಶ ಮೂಲನಿವಾಸಿಗಳಿಗೆ ಮರಳುತ್ತಿತ್ತು. ಏಪ್ರಿಲ್ 24ರ ಜನಮತಗಣನೆಯಲ್ಲಿ ತುರ್ಕಿ ಸೈಪ್ರಿಯಟ್ಟರ 64.9 ಪ್ರತಿಶತ ಹೌದು ಎಂದರು, ಗ್ರೀಕ್ ಸೈಪ್ರಿಯಟ್ಟರ 75.8 ಪ್ರತಿಶತ ಬೇಡ ಎಂದರು. ತುರ್ಕಿ ಸೇನೆಯ ಉಳಿಕೆ, ಜಾಮೀನು ಹಕ್ಕು, ಎಲ್ಲರಿಗೂ ಮನೆ ಮರಳದಿರುವುದು, ಹೀಗೆ ಅವರ ಬೇಡಕ್ಕೆ ಕಾರಣಗಳಿದ್ದವು. ಯೋಜನೆಯೊಂದಿಗೆ ವರೋಶವೂ ಕೈತಪ್ಪಿತು.

2020ರ ಅಕ್ಟೋಬರ್ 8ರಂದು, ಉತ್ತರದಲ್ಲಿ ಚುನಾವಣೆಗೆ ಮೂರು ದಿನ ಇರುವಾಗ, ಅಲ್ಲಿನ ಆಡಳಿತದವರು ವರೋಶದ ಒಂದು ಭಾಗವನ್ನು ಸಂದರ್ಶಕರಿಗೆ ತೆರೆದರು. 2021ರ ಜುಲೈನಲ್ಲಿ ಬೇಲಿಯೊಳಗಿನ 3.5 ಪ್ರತಿಶತವನ್ನು ಸೇನಾ ಹಿಡಿತದಿಂದ ಬಿಡುವುದಾಗಿ ಹೇಳಿದರು. ಭದ್ರತಾ ಮಂಡಳಿ ಎರಡು ಸಲವೂ ಅಧ್ಯಕ್ಷೀಯ ಹೇಳಿಕೆಯಲ್ಲಿ ಆಕ್ಷೇಪಿಸಿತು. ಮೂಲನಿವಾಸಿಗಳು ಈಗ ತಮ್ಮ ಬೀದಿಯಲ್ಲಿ ನಡೆಯಬಹುದು, ಮನೆಯೊಳಗೆ ಕಾಲಿಡುವಂತಿಲ್ಲ.

ನಾನು ಸಿವಿಲ್ ಗುತ್ತಿಗೆದಾರ. ಐವತ್ತು ವರ್ಷ ಪಾಳುಬಿದ್ದ ಆ ಆರ್‌ಸಿಸಿ ಕಟ್ಟಡಗಳನ್ನು ದುರಸ್ತಿ ಮಾಡಿ ಬಳಸಬಹುದೇ? (ಕಾರವಾರದ ಓದುಗರು)

ಕಡಲಿಗೆ ಮುಖ ಮಾಡಿದ ಎತ್ತರದ ಹೋಟೆಲುಗಳಲ್ಲಿ ಬಹುತೇಕವನ್ನು ಕೆಡವುವುದೇ ದಾರಿ ಎಂಬುದು ನಮ್ಮ ಅಭಿಪ್ರಾಯ. ಒಳಬೀದಿಗಳ ಹಳೆಯ ಕಲ್ಲಿನ ಮನೆಗಳ ವಿಷಯ ಬೇರೆ.

ಕಾಂಕ್ರೀಟಿನೊಳಗೆ ಕ್ಷಾರ ಇರುವವರೆಗೆ, ಅಂದರೆ ಕ್ಷಾರದ ಅಳತೆಯಾದ ಪಿಎಚ್ 12.5ರ ಮೇಲಿರುವವರೆಗೆ, ಸರಳಿನ ಮೇಲೆ ತೆಳುವಾದ ರಕ್ಷಾಪದರ ನಿಲ್ಲುತ್ತದೆ. ಅದನ್ನು ಕೆಡಿಸುವುದು ಎರಡು. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಸೇರಿ ಪಿಎಚ್ ಅನ್ನು 9ರ ಕೆಳಗಿಳಿಸುತ್ತದೆ. ಕಡಲಗಾಳಿಯ ಕ್ಲೋರೈಡ್ ಪಿಎಚ್ ಇಳಿಯದಿದ್ದರೂ ಆ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕವರ್, ಅಂದರೆ ಸರಳಿನ ಮೇಲಿನ ಕಾಂಕ್ರೀಟ್ ಹೊದಿಕೆ, ಒಡೆದು ಚಕ್ಕೆಯೇಳುತ್ತದೆ, ಆಮೇಲೆ ಸರಳು ಬಯಲಿಗೆ. ಆ ಕಾಲದಲ್ಲಿ ಕವರ್ ತೆಳುವಾಗಿ ಬಿಡುವ ರೂಢಿಯಿತ್ತು. ಕಾಂಕ್ರೀಟಿನ ನಮ್ಮ ಭಾರತೀಯ ಮಾನದಂಡ ಐಎಸ್ 456 ಇವತ್ತು ಕರಾವಳಿಯ ಬಯಲಿಗೆ 45 ಮಿಲಿಮೀಟರ್ ಕವರ್ ಮತ್ತು ಎಂ30 ದರ್ಜೆಯ ಕಾಂಕ್ರೀಟು, ಕಡಲ ನೀರು ಸಿಡಿಯುವ ಕಡೆ 50 ಮಿಲಿಮೀಟರ್ ಮತ್ತು ಎಂ35 ಕೇಳುತ್ತದೆ.

ಜನ ವಾಸವಿರುವ ಕಟ್ಟಡಕ್ಕೂ ಉಪ್ಪುಗಾಳಿ ಬಡಿಯುತ್ತದೆ, ಆದರೆ ಬಣ್ಣ, ಗಾರೆ, ಕಿಟಕಿಗಾಜು ತಡೆಯುತ್ತವೆ. ವರೋಶದಲ್ಲಿ ಮೊದಲು ಹೋದದ್ದೇ ಗಾಜು ಮತ್ತು ಚೌಕಟ್ಟು, ಹಾಗಾಗಿ ಉಪ್ಪು ಒಳಕೋಣೆಯ ಬೀಮಿಗೂ ತಲುಪಿತು. ಎರಡನೆಯ ಶತ್ರು ತಾರಸಿಯ ನೀರು. ಎಲೆ ಕಸ ಬಿದ್ದು ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಪ್ಯಾರಪೆಟ್ಟಿನೊಳಗೆ ಮಳೆನೀರು ಕೆರೆಯಂತೆ ನಿಲ್ಲುತ್ತದೆ. ಅದು ಸ್ಲ್ಯಾಬಿನೊಳಗೆ ಇಳಿದು, ಬೇಸಿಗೆಯಲ್ಲಿ ಒಣಗಿ, ಮತ್ತೆ ಒದ್ದೆಯಾಗುವ ಚಕ್ರವೇ ತುಕ್ಕಿಗೆ ಹಿತ. ಮೂರನೆಯದು ಬೇರು. ಅಂಜೂರದಂಥ ಗಿಡ ಗೋಡೆಯ ಬಿರುಕಿನಲ್ಲಿ ಹುಟ್ಟಿದರೆ ಬೇರು ದಪ್ಪವಾಗುತ್ತಾ ಸೀಳು ಅಗಲವಾಗುತ್ತದೆ. ಸಜ್ಜಾ, ಬಾಲ್ಕನಿಗಳು ಮೊದಲು ಬೀಳುತ್ತವೆ, ಏಕೆಂದರೆ ಅವುಗಳ ಮುಖ್ಯ ಸರಳು ಮೇಲ್ಭಾಗದಲ್ಲಿ, ನೀರು ನಿಲ್ಲುವ ಕಡೆಯೇ ಇರುತ್ತದೆ.

ಒಂದೊಂದು ಕಟ್ಟಡವನ್ನೂ ತೀರ್ಮಾನಿಸಲು ಪರೀಕ್ಷೆಗಳ ಸರಣಿ ಬೇಕು. ಮೊದಲು ಕಣ್ಣಿನ ತಪಾಸಣೆ ಮತ್ತು ಸುತ್ತಿಗೆಯಿಂದ ತಟ್ಟಿ ಟೊಳ್ಳು ಶಬ್ದ ಗುರುತಿಸುವುದು. ಆಮೇಲೆ ಆಗಷ್ಟೇ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸುವುದು. ಗುಲಾಬಿ ಬಂದರೆ ಕ್ಷಾರ ಉಳಿದಿದೆ, ಬಣ್ಣ ಬಾರದ ಆಳದವರೆಗೆ ಕ್ಷಾರ ಸತ್ತಿದೆ. ಬೇರೆ ಬೇರೆ ಆಳದಿಂದ ಡ್ರಿಲ್ ಪುಡಿ ತೆಗೆದು ಕ್ಲೋರೈಡ್ ಅಳೆಯಬೇಕು. ಸರಳಿನ ವಿದ್ಯುತ್ ವಿಭವ ಅಳೆಯುವ ಹಾಫ್‌ಸೆಲ್ ಪರೀಕ್ಷೆಯಲ್ಲಿ ತಾಮ್ರ–ತಾಮ್ರದ ಸಲ್ಫೇಟ್ ವಿದ್ಯುದ್ವಾರಕ್ಕೆ ಹೋಲಿಸಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಬಂದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಂಭವ 90 ಪ್ರತಿಶತಕ್ಕೂ ಹೆಚ್ಚು. ಕಾಂಕ್ರೀಟಿನ ಕೋರ್ (ಕೊರೆದ ತುಂಡು) ತೆಗೆದು ಬಲ ನೋಡುವುದು ಕೊನೆಗೆ. ಮೇಲ್ಮೈಗೆ ಬಡಿದು ಪುಟಿತ ಅಳೆಯುವ ರಿಬೌಂಡ್ ಹ್ಯಾಮರನ್ನು ಮಾತ್ರ ನಂಬಬೇಡಿ. ಇಂಗಾಲ ಸೇರಿದ ಮೇಲ್ಮೈ ಗಡುಸಾಗುವುದರಿಂದ ಅದು ಇಲ್ಲದ ಬಲವನ್ನು ತೋರಿಸುತ್ತದೆ.

ಇಷ್ಟೆಲ್ಲ ಪಾಸಾದರೂ ಇನ್ನೊಂದು ತೊಡಕಿದೆ. ಸೈಪ್ರಸ್ ಭೂಕಂಪದ ವಲಯ. ಅಲ್ಲಿ ಭೂಕಂಪ ನಿರೋಧಕ ವಿನ್ಯಾಸ ಕಡ್ಡಾಯವಾದದ್ದು 1990ರ ದಶಕದಲ್ಲಿ, ಈ ಕಟ್ಟಡಗಳು ಅದಕ್ಕೆ ಇಪ್ಪತ್ತು ಮೂವತ್ತು ವರ್ಷ ಹಿಂದಿನವು. ಕಂಬಗಳಲ್ಲಿ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳು ದೂರ ದೂರ ಇರುವುದು ಆ ಕಾಲದ ಕಟ್ಟಡಗಳ ಸಾಮಾನ್ಯ ದೋಷ. ಜಾಕೆಟಿಂಗ್ ಮಾಡಿ, ಅಂದರೆ ಸುತ್ತ ಹೊಸ ಪದರ ಹಾಕಿ, ಕಂಬ ಬಲಪಡಿಸುವ ಖರ್ಚು ಹೊಸ ಕಟ್ಟಡದ ಖರ್ಚಿಗೆ ಹತ್ತಿರ ಬರುತ್ತದೆ. ಸುಣ್ಣದ ಮರಳುಗಲ್ಲಿನ ಹಳೆಯ ಮನೆಗಳಲ್ಲಿ ಸರಳೇ ಇಲ್ಲ, ತುಕ್ಕಿನ ಮಾತಿಲ್ಲ. ಮರದ ಚಾವಣಿ ಕುಸಿದಿದ್ದರೂ ಗೋಡೆ ಗಟ್ಟಿಯಿದ್ದರೆ ಅವನ್ನು ಉಳಿಸಬಹುದು, ಉಳಿಸಬೇಕು ಕೂಡ. ಊರಿನ ಹಳೆಯ ಮುಖ ಅವುಗಳಲ್ಲೇ ಇರುವುದು.

ಈಗ ಆ ಆಸ್ತಿ ಕಾನೂನಿನ ಪ್ರಕಾರ ಯಾರದು? (ದಾವಣಗೆರೆಯ ಓದುಗರು)

ಅಂತರರಾಷ್ಟ್ರೀಯ ಕಾನೂನಿನ ದೃಷ್ಟಿಯಲ್ಲಿ 1974ರಲ್ಲಿ ಯಾರ ಹೆಸರಲ್ಲಿತ್ತೋ ಅವರದು, ಅವರಿಲ್ಲದಿದ್ದರೆ ವಾರಸುದಾರರದು. ವರೋಶದ ಮನೆಯೊಂದರ ಬಗ್ಗೆ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟು, ತುರ್ಕಿ ಮನೆಯ ಹಕ್ಕನ್ನೂ ಆಸ್ತಿ ಹಕ್ಕನ್ನೂ ಉಲ್ಲಂಘಿಸಿದೆ ಎಂದಿತು. ಅದಾದ ಮೇಲೆ ಉತ್ತರದಲ್ಲಿ ಸ್ಥಿರಾಸ್ತಿ ಆಯೋಗ ಕೆಲಸ ಶುರುಮಾಡಿತು. ಮಾಲೀಕರು ಅಲ್ಲಿ ಆಸ್ತಿ ವಾಪಸು, ದಕ್ಷಿಣದ ಆಸ್ತಿಯೊಂದಿಗೆ ಬದಲಿ, ಅಥವಾ ಪರಿಹಾರ ಕೇಳಬಹುದು. ಮೊದಲು ಈ ಆಯೋಗಕ್ಕೆ ಹೋಗಿಯೇ ತಮ್ಮಲ್ಲಿಗೆ ಬರಬೇಕೆಂದು ಅದೇ ನ್ಯಾಯಾಲಯ 2010ರಲ್ಲಿ ಹೇಳಿತು. ಆಯೋಗಕ್ಕೆ ಅರ್ಜಿ ಹಾಕಿದರೆ ಉತ್ತರದ ಆಡಳಿತವನ್ನು ಒಪ್ಪಿದಂತಾಗುತ್ತದೆ ಎಂಬ ಸಂಕಟ ಬಹಳ ಮಂದಿಗಿದೆ.

ಇದರ ಜೊತೆಗೆ ಎವ್ಕಾಫ್, ಅಂದರೆ ನಮ್ಮ ವಕ್ಫ್ ಮಂಡಳಿಯಂಥ ಸಂಸ್ಥೆ, ವರೋಶದ ನೆಲ ಒಟ್ಟೊಮನ್ ಕಾಲದ ಲಾಲಾ ಮುಸ್ತಫಾ ಪಾಶಾ, ಅಬ್ದುಲ್ಲಾ ಪಾಶಾ ಮೊದಲಾದವರ ದತ್ತಿಗೆ ಸೇರಿದ್ದು, ಬ್ರಿಟಿಷರು ಅಕ್ರಮವಾಗಿ ಪರಭಾರೆ ಮಾಡಿದರು ಎನ್ನುತ್ತದೆ. ಬ್ರಿಟನ್ 1960ರಲ್ಲಿ ತುರ್ಕಿ ಸಮುದಾಯಕ್ಕೆ 15 ಲಕ್ಷ ಪೌಂಡ್ ಕೊಟ್ಟು ಆ ಲೆಕ್ಕ ಚುಕ್ತಾ ಮಾಡಿದೆ ಎಂಬುದು ಗ್ರೀಕ್ ಕಡೆಯ ವಾದ. ನಮಗೆ ಎರಡನೆಯ ವಾದವೇ ಗಟ್ಟಿ ಎನಿಸುತ್ತದೆ. ವರೋಶದ ಬಂಗಲೆ, ಫ್ಲ್ಯಾಟು ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಜಾಹೀರಾತು ತೋರಿಸಿದರೆ ದುಡ್ಡು ಕೊಡಬೇಡಿ. ಸ್ಥಳಾಂತರಗೊಂಡವರ ಆಸ್ತಿ ಮಾರುವುದು, ಕೊಳ್ಳುವುದು ದಕ್ಷಿಣದ ಸೈಪ್ರಸ್ ಗಣರಾಜ್ಯದಲ್ಲಿ ಜೈಲು ಶಿಕ್ಷೆಯ ಅಪರಾಧ.

ಕಾಣೆಯಾದವರ ಹುಡುಕಾಟ ಈಗಲೂ ನಡೆದಿದೆಯೇ? (ತುಮಕೂರಿನ ಓದುಗರು)

ನಡೆದಿದೆ, ಮತ್ತು ಎರಡೂ ಸಮುದಾಯದ ವಿಜ್ಞಾನಿಗಳು ಒಂದೇ ಪ್ರಯೋಗಾಲಯದಲ್ಲಿ ಕೂತು ಮಾಡುತ್ತಿರುವ ಕೆಲಸವಿದು. 1963–64 ಮತ್ತು 1974ರ ಕಾಣೆಯಾದವರ ಪಟ್ಟಿಯಲ್ಲಿ 1,510 ಗ್ರೀಕ್ ಸೈಪ್ರಿಯಟ್ಟರು, 492 ತುರ್ಕಿ ಸೈಪ್ರಿಯಟ್ಟರು ಇದ್ದಾರೆ. ಸಾವಿರಕ್ಕೂ ಹೆಚ್ಚು ಮಂದಿಯ ಅವಶೇಷ ಗುರುತಿಸಿ ಕುಟುಂಬಗಳಿಗೆ ಕೊಟ್ಟಿದ್ದಾರೆ. ಸಾಕ್ಷಿಗಳ ಮಾತಿನಿಂದ ಜಾಗ ಗೊತ್ತುಮಾಡಿ ಅಗೆಯುತ್ತಾರೆ, ಮೂಳೆಗಳನ್ನು ಜೋಡಿಸುತ್ತಾರೆ, ಬಂಧುಗಳ ರಕ್ತದ ಡಿಎನ್‌ಎಗೆ ಹೋಲಿಸುತ್ತಾರೆ. ಸಾವಿಗೆ ಯಾರು ಹೊಣೆ ಎಂಬುದನ್ನು ಈ ಕೆಲಸ ನಡೆಸುವ ಸಮಿತಿ ಹೇಳುವುದಿಲ್ಲ. ಹೇಳುವಂತಿದ್ದರೆ ಸಾಕ್ಷಿಗಳು ಬಾಯಿ ಬಿಡುತ್ತಿರಲಿಲ್ಲ. ಈಗ ಆತಂಕವೆಂದರೆ ಸಾಕ್ಷಿಗಳಿಗೆ ವಯಸ್ಸಾಗಿರುವುದು, ಹೊಸ ಕಟ್ಟಡಗಳ ಅಡಿಯಲ್ಲಿ ಗುಂಡಿಗಳು ಮುಚ್ಚಿಹೋಗುತ್ತಿರುವುದು.

ಮಗ ಲಾರ್ನಕದಲ್ಲಿ ಕೆಲಸಕ್ಕಿದ್ದಾನೆ, ನಾವು ಹೋಗುವವರಿದ್ದೇವೆ. ವರೋಶ ನೋಡಬಹುದೇ? ಎಚ್ಚರಿಕೆ ಏನು? (ಮಂಗಳೂರಿನ ಓದುಗರು)

ನೋಡಬಹುದು. ಸೈಪ್ರಸ್ ವೀಸಾ ಪಡೆದು ಲಾರ್ನಕ ಅಥವಾ ಪಾಫೋಸ್ ನಿಲ್ದಾಣದಲ್ಲೇ ಇಳಿಯಿರಿ. ಇಸ್ತಾಂಬುಲ್ ಮೂಲಕ ಉತ್ತರದ ಎರ್ಜಾನ್ ನಿಲ್ದಾಣಕ್ಕೆ ಟಿಕೆಟ್ ಅಗ್ಗವೆಂದು ಹೋದರೆ ಗಣರಾಜ್ಯದ ದೃಷ್ಟಿಯಲ್ಲಿ ಅದು ಅಕ್ರಮ ಪ್ರವೇಶ, ದಕ್ಷಿಣಕ್ಕೆ ದಾಟಿ ಮಗನ ಮನೆಗೆ ಹೋಗಲು ತೊಂದರೆಯಾಗುತ್ತದೆ. ಭಾರತವೂ ಉತ್ತರದ ಆಡಳಿತವನ್ನು ಮಾನ್ಯ ಮಾಡಿಲ್ಲ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ, ಅಪಘಾತವಾದರೆ ನಿಕೋಸಿಯಾದ ನಮ್ಮ ಹೈಕಮಿಷನ್ ಮಾಡಬಹುದಾದದ್ದು ಕಡಿಮೆ. ಹಾಗಾಗಿ ಹೊರಡುವ ಮುಂಚೆ ಹೈಕಮಿಷನ್‌ನ ಸೂಚನೆ ಓದಿ, ಪಾಸ್‌ಪೋರ್ಟಿನ ನಕಲು ಮಗನ ಬಳಿ ಇಟ್ಟುಹೋಗಿ.

ಹತ್ತಿರದ ದಾಟುವ ಗೇಟು ಡೆರಿನಿಯಾ, 2018ರ ನವೆಂಬರ್‌ನಲ್ಲಿ ತೆರೆದದ್ದು. ಎರಡೂ ಕಡೆ ಪಾಸ್‌ಪೋರ್ಟ್ ತೋರಿಸಬೇಕು. ಬಾಡಿಗೆ ಕಾರಾದರೆ ಉತ್ತರಕ್ಕೆ ಒಯ್ಯಲು ಮಾಲೀಕರ ಒಪ್ಪಿಗೆ ಕೇಳಿ. ದಕ್ಷಿಣದ ವಿಮೆ ಅಲ್ಲಿ ನಡೆಯುವುದಿಲ್ಲ, ಗೇಟಿನಲ್ಲಿ ಬೇರೆ ವಿಮೆ ಕೊಳ್ಳಬೇಕು. ನಮ್ಮಲ್ಲಿಯಂತೆ ಎಡಬದಿಯ ಸಂಚಾರ. ದಕ್ಷಿಣದಲ್ಲಿ ಯೂರೋ, ಉತ್ತರದಲ್ಲಿ ತುರ್ಕಿ ಲೀರಾ.

ವರೋಶದ ತೆರೆದ ಭಾಗದಲ್ಲಿ ಡಾಂಬರು ಹಾಕಿದ ಬೀದಿಗಳಿವೆ, ಬಾಡಿಗೆ ಸೈಕಲ್ ಸಿಗುತ್ತದೆ. ಹಗ್ಗ ಕಟ್ಟಿದ ಗೆರೆ ದಾಟಬೇಡಿ, ಬಾಲ್ಕನಿಯ ಕೆಳಗೆ ನಿಂತು ಫೋಟೊ ತೆಗೆಯಬೇಡಿ. ಮೇಲೆ ಕಾರವಾರದವರಿಗೆ ಹೇಳಿದ ಕಾರಣವೇ. ಸೈನಿಕರು, ಕಾವಲುಗೋಪುರ, ನಿಷೇಧದ ಕೆಂಪು ಹಲಗೆ ಇರುವ ಕಡೆ ಕ್ಯಾಮೆರಾ ಎತ್ತಬಾರದು, ಡ್ರೋನ್ ಒಯ್ಯಲೇಬಾರದು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಬಿಸಿಲು ತಡೆಯಲಾಗದು, ಬೆಳಿಗ್ಗೆಯೇ ಹೋಗಿ, ನೀರು ಜೊತೆಗಿರಲಿ. ಕಲ್ಲು, ಹೆಂಚು, ಹಳೆಯ ಬಾಟಲಿ ಏನನ್ನೂ ಹೆಕ್ಕಿ ತರಬೇಡಿ, ಪ್ರತಿಯೊಂದಕ್ಕೂ ಬದುಕಿರುವ ಮಾಲೀಕರೋ ವಾರಸುದಾರರೋ ಇದ್ದಾರೆ.

ಒಳಗೆ ಹೋಗಲು ಮನಸ್ಸಿಲ್ಲದಿದ್ದರೆ ಡೆರಿನಿಯಾದಲ್ಲೇ ಫಾಮಗುಸ್ತದವರ ಸಾಂಸ್ಕೃತಿಕ ಕೇಂದ್ರವಿದೆ. ಅಲ್ಲಿಂದ ದುರ್ಬೀನಿನಲ್ಲಿ ಊರು ಕಾಣುತ್ತದೆ. ಕೇಂದ್ರ ತೆರೆದಿರುವ ದಿನ, ಸಮಯವನ್ನು ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.